ಮಹಾಲಯ ಅಮಾವಾಸ್ಯೆಯ ನೇರ ಪ್ರಸಾರ

ಭೇರ್ಯದ ಚೆಲುವರಾಜು ಸತ್ತವರನ್ನು ಮಾತನಾಡಿಸಬೇಕೆಂದು ಹೊರಟವನಲ್ಲ. ಅವನಿಗೆ ಬೇಕಾಗಿದ್ದುದು ಒಂದು ಸರ್ಟಿಫಿಕೇಟು, ಅಷ್ಟೆ.

ಹುಣಸೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಅವನು ಕಡೆಯ ಪರೀಕ್ಷೆಗೆ ಕೂರಬೇಕಾದರೆ ಎಲ್ಲಾದರೂ ಆರು ವಾರ ಇಂಟರ್ನ್‌ಶಿಪ್ ಮಾಡಿ, ಅಲ್ಲಿಯವರಿಂದ ಕಾಗದ ಬರೆಸಿಕೊಂಡು ಬರಬೇಕಿತ್ತು. ಪತ್ರಿಕೆಯವರು ಜಾಗವಿಲ್ಲ ಎಂದರು. ಟೀವಿಯವರು ಫೋನೇ ಎತ್ತಲಿಲ್ಲ. ಅಂತರಸಂತೆಯ ‘ಕಾಡಂಚಿನ ದನಿ’ ಎಂಬ ಪುಟ್ಟ ರೇಡಿಯೋ ಕೇಂದ್ರದವರು ಮಾತ್ರ, “ಬನ್ನಿ, ಊಟ ನಿಮ್ಮದು” ಎಂದರು.

ಕೇಂದ್ರವೆಂದರೆ ಗೊಬ್ಬರದ ಗೋಡೌನಿನ ಮೇಲಿನ ಎರಡು ಕೋಣೆ. ಒಂದರಲ್ಲಿ ಆಫೀಸು. ಇನ್ನೊಂದರ ಗೋಡೆಗೆಲ್ಲ ದಪ್ಪ ಹಸಿರು ಪರದೆ ಹೊಡೆದು ಸ್ಟುಡಿಯೋ ಎಂದು ಕರೆದಿದ್ದರು. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕ ನಿಂತುಹೋದ ಹಾಗೆ ಆಗುತ್ತಿತ್ತು. ತನ್ನ ಎದೆಯ ಬಡಿತ ತನಗೇ ಕೇಳುತ್ತಿತ್ತು. ಕೇಂದ್ರದ ದನಿ ಸುತ್ತಲಿನ ಹತ್ತು ಹನ್ನೆರಡು ಹಳ್ಳಿಗೆ ಮುಟ್ಟುತ್ತಿತ್ತು. ಭೇರ್ಯಕ್ಕೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಅವನ ತಾಯಿ ಅಲ್ಲಿ, “ನಮ್ ಚೆಲುವ ಆಕಾಶವಾಣೀಲಿ ಆಫೀಸರ್ ಆಗವ್ನೆ” ಎಂದು ಧೈರ್ಯವಾಗಿ ಹೇಳಿಕೊಂಡು ಓಡಾಡಬಹುದಾಗಿತ್ತು.

ಕೇಂದ್ರದ ಮುಖ್ಯಸ್ಥೆ ಗುರುಶಾಂತಮ್ಮ ನಿವೃತ್ತ ಮೇಷ್ಟ್ರಮ್ಮ. ಯಂತ್ರ ನೋಡಿಕೊಳ್ಳುವವನು ಸರಗೂರಿನ ಯತೀಶ. ಮೂರನೆಯವನು ನಮ್ಮ ಚೆಲುವರಾಜು. ಐದು ವಾರ ಅವನು ಹವಾಮಾನ, ಸಂತೆಯ ಧಾರಣೆ, ಕಳೆದುಹೋದ ಎಮ್ಮೆಗಳ ವಿವರ ಇವನ್ನು ಬಹಳ ಗಂಭೀರವಾಗಿ ಓದಿದ. ಆರನೆಯ ವಾರ ಮಹಾಲಯ ಅಮಾವಾಸ್ಯೆ ಬಂತು.

“ನೋಡಪ್ಪಾ,” ಎಂದರು ಗುರುಶಾಂತಮ್ಮ, “ಅಮಾವಾಸ್ಯೆ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ಸೋಬಾನೆ. ನೀನು ಸೋಗೆಹುಂಡಿಗೆ ಹೋಗಿ ಹಾಡೋ ಹೆಂಗಸರನ್ನ ಮಾತಾಡಿಸ್ಕೊಂಡು ಬಾ. ಅದು ಚೆನ್ನಾಗಿ ಬಂದರೆ ನಿನ್ನ ಸರ್ಟಿಫಿಕೇಟಿಗೆ ರುಜು ಹಾಕ್ತೀನಿ.”

“ಮೇಡಂ, ಸೋಗೆಹುಂಡಿ ದಾರೀಲಿ ಆನೆ ಇದಾವಂತೆ.”

“ಇದಾವೆ. ಅವಕ್ಕೂ ನಿನಗೂ ಏನು ವ್ಯವಹಾರ? ಹೋಗಿ ಬಾ.”

ಚೆಲುವರಾಜು ಹೋಗಲಿಲ್ಲ. ನಾಳೆ ಹೋದರಾಯಿತು ಎಂದು ನಾಲ್ಕು ದಿನ ಅಂದುಕೊಂಡ. ಅಮಾವಾಸ್ಯೆಯ ದಿನ ಯತೀಶ ತನ್ನ ಮನೆಯ ಎಡೆಗೆಂದು ಸರಗೂರಿಗೆ ಹೊರಟುಹೋದ. ಗುರುಶಾಂತಮ್ಮ ತಮ್ಮ ಹಿರಿಯರಿಗೆ ಎಡೆ ಇಡಲು ಕೋಟೆ ಪಟ್ಟಣದ ತಮ್ಮ ಮನೆಗೆ ಹೋದರು. ಆ ದಿನ ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಇದ್ದವರು ಉಣ್ಣುವುದು ಆಮೇಲೆ. ಇಂಥ ದಿನ ಯಾವ ಮನೆಯಲ್ಲೂ ಜೋರಾಗಿ ಮಾತನಾಡುವುದಿಲ್ಲ. ಅಂಥ ದಿನ ಕೈಯಲ್ಲಿ ಮೈಕು ಕೊಟ್ಟು ಒಬ್ಬ ಸುಳ್ಳುಗಾರನನ್ನು ಒಂಟಿಯಾಗಿ ಬಿಟ್ಟುಹೋಗಬಾರದಿತ್ತು. ಆಗಿಹೋಯಿತು.

ಒಂಟಿಯಾದ ಚೆಲುವರಾಜು ಕಂಪ್ಯೂಟರಿನಲ್ಲಿ ಹುಡುಕಿದ. ‘ಹಳೆಯದು’ ಎಂಬ ಕಡೆ ‘ಚಿಕ್ಕಸಿದ್ದಮ್ಮ, ಸೋಗೆಹುಂಡಿ’ ಎಂದಿತ್ತು. ಹಾಕಿ ಕೇಳಿದ. ಗಂಟಲು ಒಳ್ಳೆಯ ಕಂಚು. ಹಾಡಿನ ಮಧ್ಯೆ ಯಾರೋ ಪ್ರಶ್ನೆ ಕೇಳಿದ್ದರು, ಆಕೆ ಉತ್ತರ ಹೇಳಿದ್ದಳು. ಚೆಲುವರಾಜುವಿನ ತಲೆ ಓಡಿತು. ಹಳೆಯ ಪ್ರಶ್ನೆಗಳನ್ನು ಕತ್ತರಿಸಿ ಎಸೆದು, ಅಲ್ಲಲ್ಲಿ ತನ್ನ ದನಿಯಲ್ಲಿ ಹೊಸ ಪ್ರಶ್ನೆ ಸೇರಿಸಿ, ಮೇಲೆ ‘ನೇರ ಪ್ರಸಾರ’ ಎಂಬ ಹೆಸರು ಕೊಟ್ಟ. ಆನೆಯೂ ಇಲ್ಲ, ಬಸ್ಸೂ ಇಲ್ಲ.

ಹನ್ನೆರಡಕ್ಕೆ ಸರಿಯಾಗಿ ಪ್ರಸಾರವಾಯಿತು.

“ಕೇಳುಗರೇ, ಈಗ ನಮ್ಮ ಸ್ಟುಡಿಯೋದಲ್ಲಿ ನನ್ನ ಎದುರಿಗೇ ಕುಳಿತಿದ್ದಾರೆ ಸೋಗೆಹುಂಡಿಯ ಚಿಕ್ಕಸಿದ್ದಮ್ಮನವರು! ಹೇಗಿದೀರಮ್ಮ?”

“ಚೆಂದಾಗಿವ್ನಿ ಕಣಪ್ಪ. ಇಲ್ಲಿ ತಣ್ಣಗದೆ. ಬಿಸ್ಲಿಲ್ಲ, ಸದ್ದಿಲ್ಲ.”

“ಜೊತೆಗೆ ಯಾರು ಬಂದಿದ್ದಾರೆ?”

“ಯಾರ್ ಬತ್ತಾರೆ? ಒಬ್ಳೇ ಬಂದೆ.”

“ಊಟ ಆಯ್ತಾ?”

“ಇಲ್ಲ. ಮನೇಗೋಗಿ ಉಣ್ಬೇಕು.”

ಕಡೆಗೆ ಹಾಡುಗಳೆಲ್ಲ ಮುಗಿದ ಮೇಲೆ ಆಕೆ ಹೇಳಿದಳು: “ಒತ್ತಾಯ್ತು ಕಣಪ್ಪ. ನಮ್ಮೋರು ಉಣ್ದೆ ಕಾಯ್ತಾ ಕುಂತಿರ್ತಾರೆ. ಬಾಗ್ಲು ಹಾಕ್ಬ್ಯಾಡಿ ಅನ್ನು. ಬತ್ತೀನಿ.”

ಚೆಲುವರಾಜು ಹೆಮ್ಮೆಯಿಂದ ಹಿಂದಕ್ಕೆ ಒರಗಿದ. ತಕ್ಷಣ ಫೋನು ಹೊಡೆದುಕೊಂಡಿತು. ಐದು ವಾರದಲ್ಲಿ ಕೇಂದ್ರಕ್ಕೆ ಬಂದಿದ್ದ ಕರೆಗಳು ಎರಡು. ಎರಡೂ ಎಮ್ಮೆಯ ವಿಚಾರ.

“ಸ್ವಾಮಿ,” ಎಂದಿತು ಒಂದು ಗಂಡಸಿನ ದನಿ, ಬಾವಿಯೊಳಗಿಂದ ಬಂದಂತೆ, “ಆವಮ್ಮ ಇನ್ನೂ ಅಲ್ಲೇ ಅವ್ಳಾ?”

“ಇಲ್ಲೇ ಇದ್ದಾರೆ. ನನ್ನ ಎದುರಿಗೇ.”

ಆ ಕಡೆ ಏನೋ ಬಿದ್ದ ಸದ್ದಾಯಿತು. ಎರಡನೆಯ ಕರೆ ಒಬ್ಬ ಹೆಂಗಸಿನದು.

“ಕಾಲು ಕಾಣ್ತವಾ ಸಾಮಿ?”

“ಯಾರ ಕಾಲು?”

“ಆವಮ್ಮಂದು. ಬಗ್ಗಿ ನೋಡಿ ಸಾಮಿ.”

ಚೆಲುವರಾಜು ಬುದ್ಧಿವಂತ. “ಮೇಜು ಅಡ್ಡ ಇದೆಯಮ್ಮ, ಕಾಲು ಕಾಣಿಸಲ್ಲ” ಎಂದ.

“ಅಯ್ಯೋ ಸಿವ್ನೆ!” ಎಂದು ಆ ಹೆಂಗಸು ಕಿರುಚಿದ್ದು ಫೋನಿಲ್ಲದೆಯೂ ಕೇಳಿಸುತ್ತಿತ್ತೇನೋ.

ಹೀಗೆ ಏಳು ಕರೆ. ಕಾರ್ಯಕ್ರಮ ಜನರ ಎದೆ ಮುಟ್ಟಿದೆ ಎಂದುಕೊಂಡು ಚೆಲುವರಾಜು ತಲೆ ಬಾಚಿಕೊಂಡ. ಎಂಟನೆಯದು ಗುರುಶಾಂತಮ್ಮನವರದು.

“ಚೆಲುವರಾಜು. ಯಾರ ಜೊತೆ ಮಾತಾಡಿದೆ ನೀನು?”

“ಚಿಕ್ಕಸಿದ್ದಮ್ಮನವರ ಜೊತೆ ಮೇಡಂ.”

“ಎದುರಿಗೆ ಕೂತಿದ್ದರಾ?”

“ಕೂತಿದ್ದರು ಮೇಡಂ.”

“ಅವರು ಸತ್ತು ಹನ್ನೊಂದು ತಿಂಗಳಾಯ್ತಪ್ಪ,” ಎಂದರು ಗುರುಶಾಂತಮ್ಮ. “ಮಣ್ಣಿಗೆ ನಾನೇ ಹೋಗಿದ್ದೆ.”

ಸ್ಟುಡಿಯೋದ ತಣ್ಣಗಿನ ಗಾಳಿ ಚೆಲುವರಾಜುವಿನ ಕತ್ತಿನ ಹಿಂಭಾಗವನ್ನು ಮುಟ್ಟಿತು. ಎದುರಿನ ಖಾಲಿ ಕುರ್ಚಿಯ ಕಡೆ ನೋಡದಿರಲು ಬಹಳ ಪ್ರಯತ್ನ ಮಾಡಿದ. ನೋಡಿದ. ಖಾಲಿಯೇ ಇತ್ತು. ಆದರೆ ಖಾಲಿ ಕುರ್ಚಿಗಳಲ್ಲಿಯೂ ಒಂದೊಂದು ಒಂದೊಂದು ತರಹ ಖಾಲಿ ಇರುತ್ತದೆ.

“ಅವರ ಯಜಮಾನರು ನಂಜಣ್ಣ, ಎಡೆ ಇಟ್ಟು ಬಾಗಿಲು ಹಾಕೋ ಹೊತ್ತಿಗೆ ನಿನ್ನ ರೇಡಿಯೋ ಕೇಳಿದ್ದಾರೆ. ಬತ್ತೀನಿ, ಬಾಗಿಲು ಹಾಕಬೇಡಿ ಅಂದಳು ಅಂತ ಬಾಗಿಲು ತೆರೆದು ಕೂತಿದ್ದಾರೆ. ಅವಳು ಬರೋ ತನಕ ಉಣ್ಣಲ್ಲವಂತೆ. ಸಕ್ಕರೆ ಕಾಯಿಲೆ ಮನುಷ್ಯ, ಬೆಳಿಗ್ಗೆ ಮಾತ್ರೆ ನುಂಗಿ ಹಸಿದು ಕೂತಿದ್ದಾರೆ. ಅವರ ತಂಗಿ ಅಳ್ತಾ ನನಗೆ ಫೋನ್ ಮಾಡಿದ್ದಳು. ನೀನು ಈಗಲೇ ಹೋಗು. ನಿಜ ಹೇಳು. ಅವರು ಉಂಡರೆ ನಿನ್ನ ಕಾಗದಕ್ಕೆ ರುಜು. ಉಣ್ಣದೆ ಏನಾದರೂ ಆದರೆ…” ಗುರುಶಾಂತಮ್ಮ ಫೋನು ಇಟ್ಟರು.

ಕೆಳಗಿಳಿಯುವ ಮೊದಲೇ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಚೆಲುವರಾಜು ಪರದೆ ಹಿಡಿದುಕೊಂಡು ಕಣ್ಣು ಮುಚ್ಚಿದ. ಬಂದವರು ಗ್ರಾಮ ಲೆಕ್ಕಿಗ ಸಿದ್ದಮಲ್ಲಪ್ಪ.

“ಎಲ್ರೀ ಆವಮ್ಮ?” ಎಂದು ಅವರು ನೇರವಾಗಿ ಮೇಜಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಪರದೆಯ ಹಿಂದೆ. “ಮರಣದ ದಾಖಲೆ ಬರೆದವನು ನಾನು ಕಣ್ರೀ! ನನ್ನ ರುಜು ಇದೆ, ಸೀಲಿದೆ. ಖಾತೆ ಬದಲಾಗಿದೆ, ಪಿಂಚಣಿ ನಿಂತಿದೆ. ಈಗ ಆಯಮ್ಮ ಬಂದು ಹಾಡು ಹೇಳಿದರೆ ತಹಶೀಲ್ದಾರರಿಗೆ ನಾನೇನು ಬರೀಲಿ? ಸತ್ತವರು ಸತ್ತ ಮೇಲೆ ಒಂದು ಶಿಸ್ತಿನಲ್ಲಿರಬೇಕಪ್ಪ!”

“ಸಾರ್, ಅದು ಹಳೇ ರೆಕಾರ್ಡು.”

ಸಿದ್ದಮಲ್ಲಪ್ಪನವರು ಮೇಜಿನ ಮೇಲೆ ಕುಳಿತು ಬೆವರು ಒರೆಸಿಕೊಂಡರು. “ಬರೆದುಕೊಡ್ತೀಯಾ?”

“ಕೊಡ್ತೀನಿ. ಮೊದಲು ನನ್ನ ಸೋಗೆಹುಂಡಿಗೆ ಬಿಡಿ.”

ಬೈಕಿನಲ್ಲಿ ಹೊರಟರು. ಆನೆ ಎದುರಾಗಲಿ ಎಂದು ಚೆಲುವರಾಜು ದಾರಿಯುದ್ದಕ್ಕೂ ಬೇಡಿಕೊಂಡ. ಬೇಕಾದಾಗ ಯಾವುದೂ ಬರುವುದಿಲ್ಲ.

ಸೋಗೆಹುಂಡಿ ಮುಟ್ಟಿದಾಗ ಎರಡು ಗಂಟೆ. ನಡುಮಧ್ಯಾಹ್ನದ ಬಿಸಿಲು. ಬೀದಿಯ ಎರಡೂ ಕಡೆ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು. ಜನ ಜಗಲಿಗಳ ಮೇಲೆ ಸಾಲಾಗಿ ಕುಳಿತಿದ್ದರು, ಉಸಿರೆತ್ತದೆ. ಎಡೆಯ ಹೊತ್ತು ಮುಗಿದು ಎಷ್ಟೋ ಆಗಿದ್ದರೂ ಒಬ್ಬರಿಗೂ ತಮ್ಮ ಬಾಗಿಲು ತೆರೆಯುವ ಧೈರ್ಯವಿರಲಿಲ್ಲ. ಒಂದು ಮನೆಯವಳು ಬಂದಿದ್ದಾಳೆ ಎಂದಮೇಲೆ ಉಳಿದ ಮನೆಯವರೂ ಬಂದು ಇನ್ನೂ ಒಳಗೇ ಉಣ್ಣುತ್ತಿದ್ದರೆ? ನಾಯಿಗಳೂ ಬೊಗಳಲಿಲ್ಲ. ಬಾಗಿಲುಗಳ ಸಂದಿಯಿಂದ ಧೂಪದ ಹೊಗೆ ಎಳೆಎಳೆಯಾಗಿ ಹೊರಬರುತ್ತಿತ್ತು. ಬೀದಿಯ ಕೊನೆಯಲ್ಲಿ ಒಂದೇ ಒಂದು ಬಾಗಿಲು ಹಾರುಹೊಡೆದು ತೆರೆದಿತ್ತು.

“ಅದೇ,” ಎಂದರು ಸಿದ್ದಮಲ್ಲಪ್ಪ. “ನಾನು ಇಲ್ಲೇ ಬೈಕ್ ನೋಡ್ಕೊಂಡಿರ್ತೀನಿ.”

“ಬೈಕಿಗೆ ಏನಾಗ್ತದೆ ಸಾರ್?”

“ಬೈಕಿಗೇನೂ ಆಗಲ್ಲ. ನೀನು ಹೋಗು.”

ಹೊರಗೆ ನೆಂಟರು ನಿಂತಿದ್ದರು. ನಂಜಣ್ಣನ ತಂಗಿ ರುಕ್ಮಿಣಮ್ಮ ಪಿರಿಯಾಪಟ್ಟಣದಿಂದ ಬಂದವಳು, ಅವಳ ಅಳಿಯ ಮಹೇಂದ್ರ ಕೆ.ಆರ್. ನಗರದಿಂದ. ಮಹೇಂದ್ರನಿಗೆ ಭಯಕ್ಕಿಂತ ಹಸಿವು ಹೆಚ್ಚಾಗಿತ್ತು. ಒಳಗಿಂದ ಬಾಡಿನ ಸಾರಿನ ವಾಸನೆ ಬಂದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ.

“ರೇಡಿಯೋದೋನು!” ಎಂದು ಯಾರೋ ಪಿಸುಗುಟ್ಟಿದರು. ದಾರಿ ಬಿಟ್ಟರು. ಸಾವಿನ ಮನೆಗೆ ಬಂದ ಡಾಕ್ಟರಿಗೆ ಬಿಡುವ ಹಾಗೆ.

“ನಮ್ಮ ಅತ್ತಿಗೆ ಕಂಡ್ರಾ ಸ್ವಾಮಿ?” ಎಂದಳು ರುಕ್ಮಿಣಮ್ಮ. “ಯಾವ್ ಸೀರೆ ಉಟ್ಟಿದ್ಲು?”

ನಿಜ ಹೇಳಬೇಕೆಂದೇ ಚೆಲುವರಾಜು ಬಾಯಿ ತೆರೆದ. ಆದರೆ ಅವನ ಕಣ್ಣ ಮುಂದೆ ಇದ್ದುದು ಸ್ಟುಡಿಯೋದ ಪರದೆ. “ಹಸಿರು…” ಎಂದುಬಿಟ್ಟ.

ರುಕ್ಮಿಣಮ್ಮ ಎದೆ ಹಿಡಿದುಕೊಂಡು ಕುಸಿದಳು. ಎಡೆಗೆ ಇಟ್ಟಿದ್ದ ಹೊಸ ಸೀರೆ ಹಸಿರು.

“ಉಟ್ಕೊಂಡೇ ಓಗವ್ಳೆ ಕಣ್ರಪ್ಪೋ!”

“ಇಲ್ಲಮ್ಮ, ಅದು ಪರದೆ…”

“ಪರದೆ ಮರೇಲಿ ಕುಂತಿದ್ಲಂತೆ ಕಣ್ರೋ!” ಎಂದು ಹಿಂದಿನವರು ಇನ್ನೂ ಹಿಂದಿನವರಿಗೆ ಹೇಳಿದರು. ಮಾತು ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಚಿಕ್ಕಸಿದ್ದಮ್ಮ ಮುಸುಕು ಹಾಕಿಕೊಂಡು ಬಂದು, ಮುಖ ತೋರಿಸದೆ ಹಾಡಿ, ಗೋಡೆಯೊಳಕ್ಕೆ ಹೋಗಿದ್ದಳು.

“ಅಣ್ಣಾ,” ಎಂದು ಮಹೇಂದ್ರ ಅವನ ಕೈ ಹಿಡಿದುಕೊಂಡ, “ಬರೋದಾದ್ರೆ ಎಷ್ಟೊತ್ತಿಗೆ ಬತ್ತಾರಂತೆ? ಒಂದು ಟೈಮ್ ಏನಾರ ಏಳಿದ್ರಾ?”

ಚೆಲುವರಾಜು ಕೈ ಬಿಡಿಸಿಕೊಂಡು ಹೊಸಿಲು ದಾಟಿದ.

ಒಳಗೆ ತಂಪಿತ್ತು, ಅರೆಗತ್ತಲೆಯಿತ್ತು. ಗೋಡೆಯ ಬದಿಗೆ ಕಳಶ, ಬಾಳೆ ಎಲೆ, ಎಲೆಯ ತುಂಬ ಬಡಿಸಿದ್ದು ಬಡಿಸಿದ ಹಾಗೆ. ಪಕ್ಕದಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ. ಎದುರಿಗೆ ಗೋಡೆಗೊರಗಿ ಎಪ್ಪತ್ತರ ನಂಜಣ್ಣ. ಅವರ ಮುಂದೆ ಇನ್ನೊಂದು ಎಲೆ, ಅದರಲ್ಲಿ ಏನೂ ಬಡಿಸಿರಲಿಲ್ಲ. ಮುಖ ಬೆವತಿತ್ತು. ಕೈಬೆರಳು ಸಣ್ಣಗೆ ನಡುಗುತ್ತಿತ್ತು. ಕಣ್ಣು ಮಾತ್ರ ಬಾಗಿಲಿನಿಂದ ಕದಲಿರಲಿಲ್ಲ. ಚೆಲುವರಾಜು ಬಾಗಿಲಿಗೆ ಅಡ್ಡ ಬಂದದ್ದಕ್ಕೆ ಅವರು ಸ್ವಲ್ಪ ಪಕ್ಕಕ್ಕೆ ವಾಲಿ ನೋಡಿದರು.

“ತಾತ, ನಾನು ರೇಡಿಯೋದಿಂದ…”

“ಅವ್ಳು ಇಂದ್ಗಡೆ ಬತ್ತಾವ್ಳಾ?”

ಚೆಲುವರಾಜುವಿಗೆ ತಿರುಗಿ ನೋಡಬೇಕೆನ್ನಿಸಿತು. ಬೆನ್ನ ಹಿಂದೆ ಬಿಸಿಲಿತ್ತು. ಆದರೂ ಬೆನ್ನು ತಣ್ಣಗಿತ್ತು. ತಿರುಗಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

“ತಾತ, ಬತ್ತೀನಿ ಅಂದರೆ ಹೊರಡ್ತೀನಿ ಅಂತ ಅರ್ಥ ಅಲ್ವಾ? ಎಲ್ಲರೂ ಹೊರಡುವಾಗ ಹಾಗೇ ತಾನೇ ಹೇಳೋದು? ಯಾರಾದರೂ ಹೋಗ್ತೀನಿ ಅಂತಾರಾ?”

“ಅಂತಾರೆ,” ಎಂದರು ನಂಜಣ್ಣ. “ಅವ್ಳು ಅಂದ್ಲು. ಆಸ್ಪತ್ರೆಗೆ ವ್ಯಾನು ಅತ್ತುವಾಗ ‘ಓಯ್ತೀನಿ ಕಣ್ರೀ’ ಅಂದ್ಲು. ನಲ್ವತ್ತಾರು ವರ್ಸದಲ್ಲಿ ಸಂತೇಗೋಗಲಿ, ತವರ್ಗೋಗಲಿ, ಒಂದಿನ ಅಂದೋಳಲ್ಲ. ‘ಬತ್ತೀನಿ ಅನ್ನೇ’ ಅಂದೆ. ಅನ್ನಲಿಲ್ಲ. ಆ ವ್ಯಾನಿನ ಬಾಗ್ಲು ಆಕ್ಬುಟ್ರು. ಇವತ್ತು ಅಂದವ್ಳೆ. ಕಿವಿಯಾರೆ ಕೇಳಿವ್ನಿ. ಅದ್ಕೇ ಕುಂತಿವ್ನಿ.”

ಚೆಲುವರಾಜುವಿಗೆ ಹೊರಟುಬಿಡೋಣ ಎನ್ನಿಸಿತು. ಆದರೆ ಮುದುಕರ ಕೈ ಈಗ ಎಲೆಯ ಮೇಲೆ ಪಟಪಟನೆ ಬಡಿಯುವಷ್ಟು ನಡುಗುತ್ತಿತ್ತು. ಸರ್ಟಿಫಿಕೇಟಿನ ವಿಚಾರ ಆ ಗಳಿಗೆಯಲ್ಲಿ ಅವನಿಗೆ ಮರೆತೇಹೋಯಿತು. ಜನ್ಮದಲ್ಲಿ ಮೊದಲನೆಯ ಸಲವೋ ಏನೋ, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ತಾತ, ಆ ಅಮ್ಮ ಇವತ್ತು ಬಂದಿರಲಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಆನೆಗೆ ಹೆದರಿ ನಾನು ನಿಮ್ಮ ಊರಿಗೆ ಬರಲಿಲ್ಲ. ಹಳೇ ದನಿ ತೆಗೆದು ನನ್ನ ಮಾತು ಸೇರಿಸಿ ಹಾಕಿದೆ. ಅದು ಎರಡು ವರ್ಷದ ಹಿಂದಿನದು. ಸಂಕ್ರಾಂತಿ ಮಾರನೇ ದಿನ ಅಂತ ಬರೆದಿದೆ. ತಪ್ಪಾಯ್ತು.”

ನಂಜಣ್ಣ ಮೊದಲ ಸಲ ಬಾಗಿಲಿನಿಂದ ಕಣ್ಣು ತೆಗೆದು ಅವನನ್ನು ನೋಡಿದರು.

“ಸಂಕ್ರಾಂತಿ ಮಾರ್ನೆ ದಿನ್ವಾ?”

“ಹೌದು ತಾತ.”

“ರೇಡಿಯೋ ಸ್ಟೇಸನ್ಗೆ ಓಗ್ಬೇಕು ಅಂತ ರೇಸ್ಮೆ ಸೀರೆ ಉಟ್ಕಂಡಿದ್ಲು,” ಎಂದರು ನಿಧಾನವಾಗಿ. “ಬಸ್ಸು ತಪ್ಪೋಯ್ತು. ದೀಪ ಅಚ್ಚೋ ಒತ್ಗೆ ನಡ್ಕಂಡು ಬಂದ್ಲು. ನಾನು ಇಂಗೇ ಕುಂತಿದ್ದೆ, ಉಣ್ದೆ. ಬಾಗ್ಲು ತಗ್ದಿತ್ತು. ಬಂದೋಳು ಕಾಲೂ ತೊಳೀನಿಲ್ಲ, ಸುರು ಮಾಡ್ಕಂಡ್ಲು.”

“ಏನಂತ?”

“ಬೈದ್ಲು ಕಣ್ಲಾ. ‘ಮಾತ್ರೆ ನುಂಗ್ಬುಟ್ಟು ಉಣ್ದೆ ಕುಂತಿದ್ದೀರಲ್ಲಾ, ನಿಮ್ಗೇನು ಬುದ್ದಿ ಅದ್ಯಾ? ನಾನು ಬರ್ದೇ ಇದ್ರೂ ಒತ್ಗೆ ಸರ್ಯಾಗಿ ಉಣ್ಬೇಕು ನೀವು’ ಅಂತ. ಬೀದಿಗೆಲ್ಲ ಕೇಳೋ ಅಂಗೆ.” ಮುದುಕರ ಮುಖದಲ್ಲಿ ಏನೋ ಸಡಿಲವಾಯಿತು. “ಬರ್ದೇ ಇದ್ರೂ, ಅಂದಿದ್ಲು. ಮರ್ತೇಬುಟ್ಟಿದ್ದೆ.”

ಎಡೆಯ ಕಡೆ ತಿರುಗಿ ಕೈ ಮುಗಿದರು. ಬಹಳ ಹೊತ್ತು ಮುಗಿದುಕೊಂಡೇ ಇದ್ದರು. ಉಳಿದವರಿಗೆ ದೇವರು ಕೊಡುವುದು ಅಷ್ಟೇ ತಾನೇ, ಕೈ ಮುಗಿಯುವುದಕ್ಕೆ ಒಂದು ದಿಕ್ಕು. ಆಮೇಲೆ ಕೂಗಿದರು:

“ರುಕ್ಮಿಣೀ, ಅದೇನವ್ವ ಬಾಗ್ಲಲ್ಲಿ ನಿಂತಿದ್ದೀಯೆ? ಬಡ್ಸು ಬಾ. ಈ ಹೈದಂಗೂ ಒಂದೆಲೆ ಆಕು. ಸುಳ್ಳೇಳಿ ಸುಸ್ತಾಗವ್ನೆ.”

ಎಲ್ಲರಿಗಿಂತ ಮುಂಚೆ ಕುಳಿತವನು ಮಹೇಂದ್ರ. ಬೀದಿಯಲ್ಲಿ ಒಂದೊಂದಾಗಿ ಬಾಗಿಲು ತೆರೆದ ಸದ್ದು ಕೇಳಿಸಿತು. ಸಿದ್ದಮಲ್ಲಪ್ಪನವರು ತಾವು ಬಾಡು ತಿನ್ನುವವರಲ್ಲವೆಂದು ಹೇಳಿ ಬರಿಯ ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು. ನಡುವೆ, “ಹಾಗಾದರೆ ನನ್ನ ದಾಖಲೆ ಸರಿ ಇದೆ” ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದರು.

ಸಂಜೆ ಐದಕ್ಕೆ ಚೆಲುವರಾಜು ಕೇಂದ್ರಕ್ಕೆ ಹಿಂತಿರುಗಿದಾಗ ಗುರುಶಾಂತಮ್ಮ ಕೋಟೆಯಿಂದ ಬಂದು ಕುಳಿತಿದ್ದರು. ನಡೆದದ್ದನ್ನೆಲ್ಲ ಕೇಳಿದರು. ಕಾಗದ ತೆಗೆದು, ಕನ್ನಡಕ ಏರಿಸಿ, ರುಜು ಹಾಕತೊಡಗಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ಎತ್ತು,” ಎಂದರು.

ಎತ್ತಿದ. ಆ ಕಡೆ ಸದ್ದಿರಲಿಲ್ಲ, ಪರದೆ ಹೊಡೆದ ಕೋಣೆಯಲ್ಲಿ ಇರುವಂಥ ನಿಶ್ಶಬ್ದ. ಆಮೇಲೆ ಒಂದು ಹೆಂಗಸಿನ ದನಿ:

“ಮಗಾ, ನಮ್ಮೋರು ಉಂಡ್ರಾ?”

ಮಧ್ಯಾಹ್ನದಿಂದ ಇಂಥ ಕರೆಗಳಿಗೆ ಉತ್ತರ ಕೊಟ್ಟು ಕೊಟ್ಟು ಅವನಿಗೆ ಸಾಕಾಗಿತ್ತು. “ನಿಮ್ಮೋರು ಅಂದ್ರೆ ಯಾರವ್ವ?”

“ಅವ್ರ ಎಸ್ರ ನಾನು ಎಂಗ್ಲಾ ಏಳ್ಲಿ?”

“ನಂಜಣ್ಣನೋರಾ? ಉಂಡ್ರು ಕಣವ್ವ. ಎರಡು ಮುದ್ದೆ ಉಂಡ್ರು.”

“ಪಾಯ್ಸ?”

“ಒಂದೇ ಸೌಟು.”

“ಅಷ್ಟು ಸಾಕು. ಜಾಸ್ತಿ ಕೊಡ್ಬಾರ್ದು ಅವ್ರಿಗೆ,” ಎಂದು ಆ ದನಿ ಸಣ್ಣಗೆ ಎರಡು ಸಲ ಕೆಮ್ಮಿತು. ಫೋನು ನಿಂತಿತು.

ಚೆಲುವರಾಜು ರಿಸೀವರನ್ನು ಕಿವಿಗೇ ಹಿಡಿದುಕೊಂಡಿದ್ದ. ಆ ಕೆಮ್ಮು ಅವನಿಗೆ ಗೊತ್ತಿತ್ತು. ಹಾಡಿನ ಮಧ್ಯೆ ಮಧ್ಯೆ ಬರುತ್ತದೆಂದು ಆ ದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹದಿನಾಲ್ಕು ಕಡೆ ಅದನ್ನು ಅವನೇ ಕತ್ತರಿಸಿ ಎಸೆದಿದ್ದ. ಪ್ರಸಾರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

“ಯಾರು?” ಎಂದರು ಗುರುಶಾಂತಮ್ಮ.

“ಕೇಳುಗರು ಮೇಡಂ.”

“ಹಾಗಾದರೆ ರಿಜಿಸ್ಟರಿನಲ್ಲಿ ಬರಿ. ಹೆಸರು, ಊರು, ಏನು ಕೇಳಿದರು.”

ಅವನು ರಿಜಿಸ್ಟರು ಎಳೆದುಕೊಂಡ. ಅಕ್ಷರ ಕೆಡದಂತೆ ಹೆಸರು ಬರೆದ. ‘ಏನು ಕೇಳಿದರು’ ಎಂಬ ಕಡೆ ‘ಊಟವಾಯಿತೇ ಎಂದು’ ಅಂತ ಬರೆದ. ನಡುವಿನ ಕಾಲಂಗೆ ಬಂದು ಪೆನ್ನು ನಿಂತಿತು.

“ಮೇಡಂ, ಊರು ಅನ್ನೋ ಕಡೆ ಏನು ಬರೀಲಿ?”

ಗುರುಶಾಂತಮ್ಮ ಸರ್ಟಿಫಿಕೇಟಿನ ಮೇಲೆ ಸೀಲು ಒತ್ತುತ್ತ, ತಲೆ ಎತ್ತದೆ ಹೇಳಿದರು: “ಅವರು ಹೇಳಿದ್ದನ್ನ ಬರಿ. ಹೇಳದೆ ಇದ್ದರೆ ಖಾಲಿ ಬಿಡು. ಇನ್ನು ಮೇಲೆ ನೀನಾಗಿ ಏನೂ ಸೇರಿಸಬೇಡ.”

ಚೆಲುವರಾಜು ಖಾಲಿ ಬಿಟ್ಟ.